ಜೋಳದ ದಂಟಿನ ಬಾಣ

1987ರ ಜನವರಿ 25, ರವಿವಾರ ಬೆಳಿಗ್ಗೆ, ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಆರಂಭವಾಯಿತು. ಆಗ ಬೈಲಹೊಂಗಲದ ನಮ್ಮ ಓಣಿಯಲ್ಲಿ ಟಿ.ವಿ. ಇದ್ದುದು ಒಂದೇ ಮನೆಯಲ್ಲಿ. ಅದರ ಪಡಸಾಲೆಯಲ್ಲಿ ಓಣಿಗೆ ಓಣಿಯೇ ಕೂಡುತ್ತಿತ್ತು. ಹಿಂದಿ ನಮಗೆ ತಿಳಿಯುತ್ತಿರಲಿಲ್ಲ, ಬಾಣ ತಿಳಿಯುತ್ತಿತ್ತು. ಮುಗಿದೊಡನೆ ಹುಡುಗರೆಲ್ಲ ಬಿದಿರು ಸೀಳನ್ನು ಬಗ್ಗಿಸಿ ಬಿಲ್ಲು ಮಾಡಿ, ಜೋಳದ ದಂಟಿನ ತುದಿಗೆ ಜಾಲಿಮುಳ್ಳು ಸಿಗಿಸಿ ಬಯಲಿಗೆ ಇಳಿಯುತ್ತಿದ್ದೆವು. ಒಂದು ರವಿವಾರ ನಾನು ಬಿಟ್ಟ ಬಾಣ ನೆರೆಮನೆಯ ಗೆಳೆಯನ ಹುಬ್ಬಿಗೆ ನೆಟ್ಟಿತು. ಒಂದು ಬೆರಳಿನ ಅಂತರದಲ್ಲಿ ಕಣ್ಣು ಉಳಿಯಿತು. ಪರದೆಯ ಮೇಲೆ ಬಾಣ ತಗುಲಿದವರು ಸುಮ್ಮನೆ ಬೀಳುತ್ತಿದ್ದರು. ಇವನಂತೆ ಅವ್ವನನ್ನು ಕರೆದು ಅಳುತ್ತಿರಲಿಲ್ಲ. ನಾನು ಬಿಲ್ಲು ಹಿಡಿದೇ ನಿಂತಿದ್ದೆ.

ಕೊಲೆಯನ್ನು ನಾವು ಮೊದಲು ಕಂಡದ್ದು ಟಿ.ವಿ.ಯಲ್ಲೇನೂ ಅಲ್ಲ. ಸಂಗ್ಯಾ-ಬಾಳ್ಯಾ ಸಣ್ಣಾಟದ ಕತೆ ನಮ್ಮ ಬೈಲಹೊಂಗಲದ್ದೇ ಎನ್ನುತ್ತಾರೆ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಹಿರಿಯರ ತೊಡೆಯ ಮೇಲೆ ನಿದ್ದೆ ಮಾಡುತ್ತ, ಏಳುತ್ತ ಅದನ್ನು ನೋಡಿದವನು ನಾನು. ಗೆಳೆಯ ಬಾಳ್ಯಾನ ದ್ರೋಹದಿಂದ ಸಂಗ್ಯಾ ಕೊಲೆಯಾಗುವ ಹೊತ್ತಿಗೆ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಬೆಳಗಾದರೆ ಸತ್ತ ಸಂಗ್ಯಾ, ಮುಖದ ಬಣ್ಣ ತೊಳೆಯದೆಯೇ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಆ ಆಟ ನೋಡಿ ನಾವು ಯಾರೂ ಕೊಡಲಿ ಹಿಡಿಯಲಿಲ್ಲ.

ಅಂದಮಾತ್ರಕ್ಕೆ ಹಳೆಯದೆಲ್ಲ ನಿರಪಾಯಕಾರಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ದೊಡ್ಡವರು ಗಾಳಿ ತುಂಬಿದ ಬೊಂಬೆಯನ್ನು ಬಡಿಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಬಡಿಯುತ್ತಾರೆಂದು ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ 1961ರಲ್ಲಿ ತೋರಿಸಿದರು. 1963ರಲ್ಲಿ ಅದನ್ನೇ ಚಿತ್ರದಲ್ಲಿ ಕಂಡ ಮಕ್ಕಳೂ ಬಡಿದರು. ಬಡಿದವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಕಡಿಮೆ ಬಡಿದರೆಂಬುದು 1965ರ ಪ್ರಯೋಗ. ಆದರೆ ಬಹುಮಾನದ ಆಸೆ ತೋರಿಸಿದೊಡನೆ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಕಲಿಕೆ ಒಳಗೆ ಆಗಿಯೇ ಇತ್ತು. ಸಂಗ್ಯಾನ ಕೊಲೆಯನ್ನು ಕಂಡ ನಾವೂ ಕಲಿತಿದ್ದೇವು; ಸುತ್ತ ಕುಳಿತವರ ಮೋರೆಗಳು ಕೈಯನ್ನು ತಡೆದಿರಬೇಕು.

ಮಕ್ಕಳಿಗೆ ಸಲ್ಲದ ಕಾರ್ಯಕ್ರಮಗಳನ್ನು ಅವರು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ತೋರಿಸಬಾರದೆಂದು 1994ರ ಕೇಬಲ್ ಟಿ.ವಿ. ನಿಯಮಗಳು ಹೇಳುತ್ತವೆ. ನನ್ನ ಬಾಣ ಆ ನಿಯಮದ ಕೈಗೂ ಸಿಕ್ಕುವುದಲ್ಲ. ರಾಮಾಯಣವನ್ನು ಸಲ್ಲದೆನ್ನುವವರು ಯಾರು? 1997ರಲ್ಲಿ ಶಕ್ತಿಮಾನ್ ಆರಂಭವಾದ ಮೇಲಂತೂ, ನನ್ನಂತೆ ಮಾಡಹೋಗಬೇಡಿರೆಂದು ನಾಯಕನೇ ಪರದೆಯ ಮೇಲೆ ಮಕ್ಕಳನ್ನು ಬೇಡಿಕೊಳ್ಳಬೇಕಾಯಿತು.

ಮೊನ್ನೆ ಆ ಗೆಳೆಯ ಮನೆಗೆ ಬಂದಿದ್ದ. ನನ್ನ ಮಗ ಮೂಲೆಯಲ್ಲಿ ಒಬ್ಬನೇ ಕುಳಿತು ಮೊಬೈಲಿನಲ್ಲಿ ಯಾರಿಗೋ ಗುಂಡು ಹಾರಿಸುತ್ತಿದ್ದ. ಕರೆದಾಗ ಎದ್ದುಬಂದವನು ಗೆಳೆಯನ ಹುಬ್ಬಿನ ಕಲೆ ನೋಡಿ, "ಇದೇನ್ರೀ ಕಾಕಾ?" ಎಂದ.

"ನಿಮ್ಮಪ್ಪಂದು ಬಾಣ."

ಹುಡುಗ ನನ್ನ ಮುಖ ನೋಡಿದ. ಆಮೇಲೆ ಮೊಬೈಲನ್ನು ಕೆಳಗಿಟ್ಟು, ಆ ಕಲೆಯನ್ನು ಬೆರಳಿನಿಂದ ಮುಟ್ಟಿ, "ಭಾಳ ನೋವಾಗಿತ್ತೇನ್ರೀ?" ಎಂದು ಕೇಳಿದ.