ಅಹವಾಲಿನಿಂದ ಅಧಿಕಾರಕ್ಕೆ

ರಾಜ್ಯ ಬೇರೆ, ಸರ್ಕಾರ ಬೇರೆ. ನೆಲ, ಜನ, ಸರ್ಕಾರ, ಪರಮಾಧಿಕಾರ ಎಂಬ ನಾಲ್ಕೂ ಕೂಡಿದರೆ ರಾಜ್ಯವಾಗುತ್ತದೆ. ಸರ್ಕಾರವು ಅದರ ಕೆಲಸ ನಡೆಸುವ ಒಂದು ಅಂಗ ಮಾತ್ರ. ರಾಜ್ಯಶಾಸ್ತ್ರದ ಮೊದಲ ಪಾಠವಿದು. ಆದರೆ ಆ ಸರ್ಕಾರ ಯಾರಿಗೆ ಉತ್ತರ ಹೇಳಬೇಕು? ಕನ್ನಡ ನಾಡಿನ ಒಂದು ಭಾಗದಲ್ಲಿ ಈ ಪ್ರಶ್ನೆ ಬಗೆಹರಿಯಲು 66 ವರ್ಷಗಳು ಬೇಕಾದವು. ಆ ಕಥೆಯನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು 1831ರಲ್ಲಿ ತಮ್ಮ ಕೈಗೆ ತೆಗೆದುಕೊಂಡಿದ್ದರು. 1881ರ ಮಾರ್ಚ್ ತಿಂಗಳಲ್ಲಿ ಅದು ಒಡೆಯರ ಮನೆತನಕ್ಕೆ ಮರಳಿತು. ಚಾಮರಾಜ ಒಡೆಯರು ಮಹಾರಾಜರು, ಸಿ. ರಂಗಾಚಾರ್ಲು ದಿವಾನರು. ಅದೇ ವರ್ಷ ಅಕ್ಟೋಬರ್ 7ರಂದು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ದಿವಾನರು ವರ್ಷದ ಆಡಳಿತದ ವರದಿಯನ್ನು ಸಭೆಯ ಮುಂದಿಡುವರು. ಜಮೀನುದಾರರೂ ವರ್ತಕರೂ ಆಗಿದ್ದ ಸದಸ್ಯರು ತಮ್ಮ ಕಡೆಯ ಕುಂದುಕೊರತೆಗಳನ್ನು ಅರಿಕೆ ಮಾಡುವರು. ದಸರಾ ಸಮಯದಲ್ಲಿ ಸೇರುತ್ತಿದ್ದ ಈ ಸಭೆಯು ಆಳುವವರು ಪ್ರಜೆಗಳೆದುರು ಲೆಕ್ಕ ಒಪ್ಪಿಸುವ ಸಂಪ್ರದಾಯವೊಂದನ್ನು ಹುಟ್ಟಿಸಿತು. ಅದು ಸಣ್ಣ ಮಾತಲ್ಲ.

ಆದರೂ ಒಂದು ಕೊರತೆ ಉಳಿದಿತ್ತು. ಸಭೆ ಮಾತನಾಡಬಹುದಿತ್ತು, ತೀರ್ಮಾನಿಸುವಂತಿರಲಿಲ್ಲ. ದಿವಾನರು ಸಭಾಸದರ ಮಾತನ್ನು ಕೇಳುವರು. ಆದರೆ ಅವರು ಹೊಣೆಯಾಗಿದ್ದುದು ಮಹಾರಾಜರಿಗೆ. 1891ರ ಹೊತ್ತಿಗೆ ಚುನಾವಣೆಯ ಪದ್ಧತಿ ಬಂದಿತು, ಆದರೆ ಮತಾಧಿಕಾರ ಕೆಲವರಿಗೆ ಮಾತ್ರ. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಇಷ್ಟಾದರೂ, ಸಭೆಯ ವಿಶ್ವಾಸ ಕಳೆದುಕೊಂಡ ದಿವಾನರು ಅಧಿಕಾರ ಬಿಡಬೇಕೆಂಬ ನಿಯಮ ಬರಲಿಲ್ಲ. ಪ್ರಾತಿನಿಧ್ಯವಿತ್ತು, ಜವಾಬ್ದಾರಿ ಸರ್ಕಾರವಿರಲಿಲ್ಲ. ಇವೆರಡರ ನಡುವಣ ಅಂತರವೇ ರಾಜಕೀಯ ತತ್ತ್ವದ ತಿರುಳು.

ಆ ಅಂತರವನ್ನು ದಾಟಿಸಿದ್ದು ಜನರ ಹೋರಾಟ. 1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ವಿದುರಾಶ್ವತ್ಥದಲ್ಲಿ ಗುಂಡಿಗೆ ಜನ ಬಲಿಯಾದರು. ದೇಶ ಸ್ವತಂತ್ರವಾದ ಮೇಲೂ, 1947ರ ಸೆಪ್ಟೆಂಬರಿನಲ್ಲಿ, ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. 1950ರ ಸಂವಿಧಾನವು ಮಂತ್ರಿಮಂಡಲವನ್ನು ಶಾಸನಸಭೆಗೆ ಹೊಣೆ ಮಾಡಿತು. ಆ ಸಭೆಯನ್ನು ಆರಿಸುವ ಹಕ್ಕನ್ನು ಆಸ್ತಿ, ವಿದ್ಯೆ ಕೇಳದೆ ವಯಸ್ಕರೆಲ್ಲರಿಗೂ ಕೊಟ್ಟಿತು.

ನಮ್ಮ ಹಿರಿಯರೆಲ್ಲರೂ ಮೈಸೂರಿನವರಲ್ಲ. ಧಾರವಾಡ, ಮಂಗಳೂರು, ಕಲಬುರಗಿ, ಮಡಿಕೇರಿಗಳವರು ಬೇರೆ ಬೇರೆ ಆಡಳಿತಗಳ ಕೆಳಗಿದ್ದು, 1956ರ ನವೆಂಬರ್ 1ರಂದು ಒಂದಾದರು. ಆ ದಿನವೇ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಯಲ್ಲಿ ಹೊರನಾಡಿನ ನಮಗೂ ಒಂದು ಪಾಲಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ.

‘ಪ್ರಯತ್ನಿಸಬೇಕು’ ಎಂಬ ಆ ಮಾತನ್ನು ಗಮನಿಸಬೇಕು. ಪ್ರಯತ್ನ ನಡೆಯಿತೇ ಎಂದು ಕೇಳುವವರಿಲ್ಲದಿದ್ದರೆ ವಿಧಿ ಪುಸ್ತಕದಲ್ಲೇ ಉಳಿಯುತ್ತದೆ. ಕನ್ನಡ ಶಾಲೆಯೊಂದು ಮುಚ್ಚುವ ಸುದ್ದಿ ಬಂದಾಗ ನಾವು ಮನವಿಪತ್ರ ಹಿಡಿದು ಹೊರಡುತ್ತೇವೆ. ಅದು ತಪ್ಪಲ್ಲ, ಆದರೆ ಅದು 1881ರ ಸಭಾಸದರ ದಾರಿ. ನಮ್ಮ ಕೈಯಲ್ಲಿ ಅವರಿಗಿಲ್ಲದ ಮತವಿದೆ. ಭಾರತದಲ್ಲಿ ಪೌರತ್ವ ಒಂದೇ. ವಾಸವಿರುವ ಊರಿನಲ್ಲಿ ಮತದಾರರಾಗುವ ಹಕ್ಕು ನಮ್ಮದು. ಈ ನಗರದಲ್ಲಿ ನಾವು ಅತಿಥಿಗಳಲ್ಲ. ಊರಿನ ಪಟ್ಟಿಯಲ್ಲಿ ಹಳೆಯ ಹೆಸರನ್ನು ಉಳಿಸಿಕೊಂಡು ಇಲ್ಲಿ ಅರ್ಜಿ ಹಿಡಿದು ನಿಲ್ಲುವುದಕ್ಕಿಂತ, ಇಲ್ಲಿಯ ಮತದಾರರ ಪಟ್ಟಿಗೆ ಮನೆಮಂದಿಯ ಹೆಸರು ಸೇರಿಸಿ, ಮತ ಕೇಳಲು ಬಂದವರನ್ನು ನಮ್ಮ ಮಕ್ಕಳ ಶಾಲೆಯ ಬಗ್ಗೆ ಪ್ರಶ್ನಿಸುವುದು ಮೇಲು.