ಕುಮಟೆಯ ಹತ್ತಿಗೆ ಬೇಕಿದ್ದ ಗುರುತು

ಭಟ್ಕಳ, ಹೊನ್ನಾವರ, ಕುಮಟಾ ಹಾದು ಹೋಗುವ 66ನೇ ಹೆದ್ದಾರಿಯಲ್ಲಿ ಕಂಟೇನರ್ ಲಾರಿ ಎದುರಾದರೆ ಸಾಕು, ನನ್ನ ಕಣ್ಣು ಅದರ ನಂಬರಿಗೆ ಹೋಗುತ್ತದೆ. ಮಂಗಳೂರಿನಲ್ಲಿ ಕ್ಲಿಯರಿಂಗ್ ಏಜೆಂಟರ ಹತ್ತಿರ ಗುಮಾಸ್ತನಾಗಿ ದುಡಿದವನ ಅಭ್ಯಾಸ ಅದು.

ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಇನ್ನೊಂದು ಅಂಕಿ. ಮೊದಲ ಮೂರು ಅಕ್ಷರ ಮಾಲೀಕರ ಗುರುತು. 1933ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಕಂಟೇನರ್ ಬ್ಯೂರೋದಲ್ಲಿ ಅದರ ನೋಂದಣಿ. ಚೌಕದ ಅಂಕಿ ಕಾವಲಿಗೆ. ಸಿಎಸ್‌ಕ್ಯೂಯು 305438 ಎಂಬ ನಂಬರು ತೆಗೆದುಕೊಳ್ಳಿ. ಒಂದೊಂದು ಅಕ್ಷರಕ್ಕೂ ಗೊತ್ತುಮಾಡಿದ ಬೆಲೆಯಿದೆ. ಅಕ್ಷರ, ಅಂಕಿಗಳನ್ನು ಸಾಲಾಗಿ 1, 2, 4, 8 ಹೀಗೆ 512ರವರೆಗೆ ಗುಣಿಸಿ ಕೂಡಿದರೆ 6185. ಹನ್ನೊಂದರಿಂದ ಭಾಗಿಸಿದರೆ ಉಳಿಯುವುದು 3. ಚೌಕದಲ್ಲಿರುವುದೂ ಅದೇ. ಕೊನೆಯ 8ನ್ನು ಯಾರಾದರೂ 9 ಎಂದು ಬರೆದುಕೊಂಡರೆ ಶೇಷ 9 ಆಗುತ್ತದೆ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇಂಥ ಗುರುತಿಲ್ಲದೆ ಕೆಟ್ಟ ಹೆಸರು ಹೊತ್ತ ಊರು ನಮ್ಮದು. ಕುಮಟೆಯದು ಹತ್ತಿ ಬೆಳೆಯುವ ನೆಲವಲ್ಲ. ಆದರೂ ಹತ್ತೊಂಬತ್ತನೇ ಶತಮಾನದ ಲಿವರ್‌ಪೂಲ್ ಪೇಟೆಯಲ್ಲಿ 'ಕೂಂಪ್ಟಾ' ಅಂದರೆ ಹತ್ತಿ. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಅರಳೆ ಎತ್ತು, ಗಾಡಿಗಳ ಮೇಲೆ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟೆ ಸೇರುತ್ತಿತ್ತು. ಇಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬಯಿಗೆ, ಅಲ್ಲಿಂದ ವಿಲಾಯತಿಗೆ. ಹಡಗು ಹತ್ತಿದ ಊರಿನ ಹೆಸರೇ ಮಾಲಿಗೆ ಅಂಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು, ಇಲ್ಲಿನದಕ್ಕೆ ಬೆಲೆ ಏರಿತು. ಬೆಲೆಯ ಜೊತೆ ಕಲಬೆರಕೆಯೂ ಬಂತು: ಬೀಜ, ಕಸ, ತೂಕಕ್ಕೆ ನೀರು. ಮುಂಬಯಿ ಸರಕಾರ 1863ರಲ್ಲಿ ಹತ್ತಿ ವಂಚನೆಯ ವಿರುದ್ಧ ಕಾಯ್ದೆ ಮಾಡಿ ಇನ್‌ಸ್ಪೆಕ್ಟರರನ್ನು ನೇಮಿಸಿತು. ಆದರೆ 'ಕುಮಟಾ' ಎಂಬ ಹೆಸರು ಬಂದರನ್ನು ಹೇಳುತ್ತಿತ್ತೇ ಹೊರತು ಅಂಡಿಗೆ ತುಂಬಿದವನನ್ನಲ್ಲ. ಮೋಸ ಮಾಡಿದವರು ಎಲ್ಲಿಯವರೋ, ಹೆಸರು ಕೆಟ್ಟದ್ದು ನಮ್ಮ ಊರಿನದು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಸರಿಯಾದ ಕ್ರಮ ಬಂದದ್ದು 1925ರ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆ ಕಾಯ್ದೆಯಲ್ಲಿ. ಪ್ರೆಸ್ಸಿನಿಂದ ಹೊರಡುವ ಮುಂಚೆ ಪ್ರತಿ ಬೇಲಿನ ಮೇಲೂ ಆ ಕಾರ್ಖಾನೆಗೆ ಗೊತ್ತುಮಾಡಿದ ಗುರುತು, ಜೊತೆಗೆ ಕ್ರಮಸಂಖ್ಯೆ ಇರಲೇಬೇಕು. ಮಾಲೀಕರ ಗುರುತು, ಆಮೇಲೆ ನಂಬರು. ಕಂಟೇನರಿನ ಮೇಲೆ ಇರುವುದೂ ಇದೇ ಏರ್ಪಾಟು. ಮಿಲ್ಲಿನಲ್ಲಿ ಬೇಲು ಬಿಚ್ಚಿದಾಗ ಒಳಗೆ ಕಸ ಕಂಡರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತಿತ್ತು.

ಕುಮಟೆಗೆ ಅದರಿಂದ ಏನೂ ದಕ್ಕಲಿಲ್ಲ. 1880ರ ದಶಕದಲ್ಲೇ ರೈಲು ಹುಬ್ಬಳ್ಳಿಯ ಹತ್ತಿಯನ್ನು ಮರ್ಮಗೋವೆಯತ್ತ ತಿರುಗಿಸಿತ್ತು.

ಕುಮಟೆಯ ಹಳೇ ವ್ಯಾಪಾರಸ್ಥರ ಮನೆಯವರಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲೆ ಹತ್ತಿ ಕಾಲದ ಲೆಕ್ಕದ ವಹಿ, ಮಾರ್ಕು ಒತ್ತುವ ಅಚ್ಚು ಏನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.