ಕಲ್ಲು ಹೊತ್ತವರ ಚರಿತ್ರೆ

ಮೋಡಗಳ ಮೇಲೆ ಸೂರ್ಯ ಹುಟ್ಟುವುದನ್ನು ನೋಡಲು ಬೆಂಗಳೂರಿನ ಹುಡುಗರು ಸ್ಕಂದಗಿರಿಗೆ ಬರುತ್ತಾರೆ. ಕಳವಾರ ದುರ್ಗವೆಂದೂ ಹೆಸರಿರುವ ಈ ಬೆಟ್ಟದ ಮೇಲೆ ಪಾಳುಬಿದ್ದ ಕೋಟೆಯ ಗೋಡೆಗಳಿವೆ. ಕೋಟೆ ಕಟ್ಟಿಸಿದ ದೊರೆ ಯಾರೆಂದು ಹತ್ತುವವರು ದಾರಿಯುದ್ದಕ್ಕೂ ವಾದಿಸುತ್ತಾರೆ. ಆ ಕಲ್ಲುಗಳನ್ನು ಮೇಲಕ್ಕೆ ಹೊತ್ತವರು ಯಾರು, ಅವರಲ್ಲಿ ಎಷ್ಟು ಜನ ಕಾಲು ಜಾರಿ ಬಿದ್ದರು ಎಂದು ಯಾರೂ ಕೇಳುವುದಿಲ್ಲ. ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ, ಕಟ್ಟಿದವರ ಹೆಸರು ಗೋಡೆಯೊಳಗೆ ಸೇರಿಹೋಗುತ್ತದೆ.

ನನ್ನ ಚಾಚಾ ಗಾರೆ ಕೆಲಸದವರಾಗಿದ್ದರು. ಸೋಮವಾರ ನಸುಕಿನ ಬಸ್ಸಿಗೆ ಬೆಂಗಳೂರಿಗೆ ಹೋದರೆ ಶನಿವಾರ ಬಟವಾಡೆ ಮುಗಿಸಿಕೊಂಡು ಬರುತ್ತಿದ್ದರು. ಒಂದು ವಾರ ಅವರು ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಬಂದರು. ನೋಡಲು ಬಂದವರಲ್ಲಿ ನಮ್ಮವರು ‘ತಕ್ದೀರ್’ ಎಂದರು, ಪಕ್ಕದ ಮನೆಯವರು ‘ಹಣೆಬರಹ’ ಎಂದರು. ಭಾಷೆ ಬೇರೆ, ಮಾತು ಒಂದೇ. ಚಾಚಾ ಮಾತ್ರ ಬಹಳ ದಿನಗಳ ನಂತರ ಅಮ್ಮನ ಹತ್ತಿರ ಹೇಳಿದರು: “ಹಗ್ಗ ಸವೆದಿದೆ ಅಂತ ಹಿಂದಿನ ದಿನವೇ ನನಗೆ ಗೊತ್ತಿತ್ತು ಭಾಭಿ. ಹೇಳಿದ್ದರೆ ಮೇಸ್ತ್ರಿ ಬೇರೆಯವನನ್ನು ಕರೆದುಕೊಳ್ಳುತ್ತಿದ್ದ.” ನಾನು ಆ ಮಾತನ್ನು ಮರೆತಿಲ್ಲ. ಅದು ಹಣೆಬರಹವಾಗಿರಲಿಲ್ಲ, ಸವೆದ ಹಗ್ಗವಾಗಿತ್ತು.

ಕಟ್ಟಡ ಬಿದ್ದರೆ ಹೊಣೆ ಯಾರದೆಂಬ ಪ್ರಶ್ನೆ ಹೊಸದಲ್ಲ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಬಾಬಿಲೋನಿಯಾದ ದೊರೆ ಹಮ್ಮುರಾಬಿಯ ಶಾಸನ, ಮನೆ ಕುಸಿದು ಒಡೆಯ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂದಿತು. ಒಡೆಯನ ಗುಲಾಮ ಸತ್ತರೆ ಇನ್ನೊಬ್ಬ ಗುಲಾಮನನ್ನು ಕೊಟ್ಟರೆ ಸಾಕಿತ್ತು. ಕಟ್ಟುವಾಗಲೇ ಸತ್ತವನ ಬಗ್ಗೆ ಆ ಕಲಮುಗಳು ಮಾತಾಡುವುದಿಲ್ಲ. ನಮ್ಮ ಕಾಲಕ್ಕೆ ಬಂದರೆ, ಬ್ರಿಟಿಷ್ ಇಂಡಿಯಾದಲ್ಲಿ ಕೆಲಸಗಾರರ ಪರಿಹಾರ ಕಾಯಿದೆ ಬಂದದ್ದು 1923ರಲ್ಲಿ. ಅದು ದೊಡ್ಡ ಹೆಜ್ಜೆಯೇ. ಆದರೆ ಪರಿಹಾರವೆಂಬುದು ಬಿದ್ದ ಮೇಲಿನ ಲೆಕ್ಕ. ಬೀಳದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ.

ಆ ಕೆಲಸ ಸಾಧ್ಯ ಎಂದು ತೋರಿಸಿದ ಒಂದು ಉದಾಹರಣೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ. 1933ರಿಂದ 1937ರವರೆಗೆ ಅಲ್ಲಿ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ತಲೆಗೆ ಗಟ್ಟಿ ಟೋಪಿ ಕಡ್ಡಾಯ ಮಾಡಿ, ಸೇತುವೆಯ ಕೆಳಗೆ ಬಲೆ ಕಟ್ಟಿಸಿದರು. ಆ ಬಲೆಗೆ ಬಿದ್ದು 19 ಜನ ಬದುಕಿದರು. 1937ರ ಫೆಬ್ರವರಿ 17ರಂದು ಕಳಚಿಬಿದ್ದ ಅಟ್ಟಣೆಯೊಂದು ಬಲೆಯನ್ನೇ ಹರಿದುಕೊಂಡು ಹೋದಾಗ ಹತ್ತು ಜನ ಸತ್ತರು. ಅಂದರೆ ಬಲೆ ಕಟ್ಟಿದರೆ ಮುಗಿಯಲಿಲ್ಲ. ಅಟ್ಟಣೆಯ ಕೊಂಡಿಯನ್ನೂ ದಿನದಿನವೂ ನೋಡುವವರಿರಬೇಕು.

ನಮ್ಮಲ್ಲಿ ನೋಡುವವರಿದ್ದರೇ? 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ, ಕಟ್ಟುತ್ತಿದ್ದ ಏಳಂತಸ್ತಿನ ಗಂಗಾರಾಮ್ ಕಟ್ಟಡ ಕುಸಿದು 123 ಜನ ಸತ್ತರು. ರಾಜ್ಯವೇ ಬೆಚ್ಚಿಬಿತ್ತು. ಆದರೂ 2019ರ ಮಾರ್ಚಿಯಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಬಿತ್ತು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಇನ್ನೊಂದು ಬಿದ್ದಾಗ, ಸತ್ತವರಲ್ಲಿ ದೂರದ ಬಿಹಾರದಿಂದ ಕೂಲಿಗೆ ಬಂದವರಿದ್ದರು. ಬದಲಾದದ್ದು ಬಸ್ಸು ಹತ್ತಿ ಬರುವ ಊರು ಮಾತ್ರ.

ಈ ಕಟ್ಟಡಗಳಿಗೆ ಹೋಗುವ ಜಲ್ಲಿ, ಸೈಜುಗಲ್ಲುಗಳಲ್ಲಿ ನಮ್ಮ ಚಿಕ್ಕಬಳ್ಳಾಪುರದ ಪಾಲಿದೆ. ಕಟ್ಟಡದ ಅಪಾಯ ಪಾಯ ತೋಡುವ ಮೊದಲೇ, ಕಲ್ಲು ಸಿಡಿಸುವಲ್ಲಿಯೇ ಶುರುವಾಗುತ್ತದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆಂದು ತಂದಿದ್ದ ಸ್ಫೋಟಕ ಸಿಡಿಯಿತು. ಅಕ್ರಮ ಸ್ಫೋಟಕಗಳ ಮೇಲೆ ಎಲ್ಲೆಡೆ ಕಣ್ಣು ಬಿತ್ತು. ತಿಂಗಳು ಕಳೆದ ಮೇಲೆ, ಫೆಬ್ರವರಿ 22ರ ರಾತ್ರಿ, ನಮ್ಮದೇ ಜಿಲ್ಲೆಯ ಪೆರೇಸಂದ್ರ ಬಳಿಯ ಹಿರೇನಾಗವಲ್ಲಿಯಲ್ಲಿ ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದಾಗ ಅವು ಸಿಡಿದು ಆರು ಜನ ಸತ್ತರು. ಭಯ ಅಪಾಯದ್ದಾಗಿರಲಿಲ್ಲ, ಸಿಕ್ಕಿಬೀಳುವುದರದ್ದಾಗಿತ್ತು. ಸುರಕ್ಷತೆ ಒಂದು ಸಂಸ್ಕೃತಿಯಾಗದೆ ಬರೀ ತಪಾಸಣೆಯಾದರೆ ಹೀಗೇ ಆಗುತ್ತದೆ: ಅಪಾಯ ಹೋಗುವುದಿಲ್ಲ, ಕತ್ತಲಿಗೆ ಸರಿಯುತ್ತದೆ.

ಕಾನೂನು ಇಲ್ಲವೆಂದಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಕಾಯಿದೆ ಬಂತು. ಕಟ್ಟಡದ ವೆಚ್ಚದ ಮೇಲೆ ಸೆಸ್ ಹಾಕಿ ಕಲ್ಯಾಣ ನಿಧಿ ಕೂಡಿಸುವ ವ್ಯವಸ್ಥೆಯಾಯಿತು. ಆದರೆ ಆ ಕಾಯಿದೆ ಸುರಕ್ಷತಾ ಸಮಿತಿಯನ್ನು ಕಡ್ಡಾಯ ಮಾಡಿದ್ದು 500 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಕಾಯಿದೆಯೇ ಅನ್ವಯಿಸುತ್ತಿರಲಿಲ್ಲ. ನಮ್ಮ ಬೀದಿಗಳಲ್ಲಿ ಏಳುವ ಮೂರಂತಸ್ತಿನ ಮನೆಯಲ್ಲಿ ಇರುವುದು ಒಬ್ಬ ಮೇಸ್ತ್ರಿ, ನಾಲ್ಕು ಆಳು, ಬಾಂಡ್ಲಿ ಹೊರುವ ಇಬ್ಬರು ಹೆಂಗಸರು. ಅವರ ಸಮಿತಿ ಯಾವುದು? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಆ ಹಳೆಯ ಕಾಯಿದೆಯ ಜಾಗಕ್ಕೆ ಬಂದಿದೆ. ಪ್ರಾಣಾಪಾಯದ ಶಂಕೆ ಬಂದರೆ ಮಾಲೀಕನಿಗೆ ತಿಳಿಸುವ ಹಕ್ಕನ್ನು ಅದು ಕೆಲಸಗಾರನಿಗೆ ಕೊಡುತ್ತದೆ. ಒಳ್ಳೆಯ ಮಾತು. ಆದರೆ ತಿಳಿಸಿದವನಿಗೆ ಮರುದಿನವೂ ಕೂಲಿ ಇರುತ್ತದೆಯೇ? ಚಾಚಾ ಬಾಯಿಮುಚ್ಚಿಕೊಂಡದ್ದು ಕಾನೂನು ಗೊತ್ತಿಲ್ಲದೆ ಅಲ್ಲ, ಶನಿವಾರದ ಬಟವಾಡೆ ಗೊತ್ತಿದ್ದುದರಿಂದ.

ಉತ್ತರ ಸರ್ಕಾರದ ಹತ್ತಿರ ಮಾತ್ರ ಇಲ್ಲ. ಮನೆ ಕಟ್ಟಿಸುವವರು ನಾವೇ. ಪಾಯದ ದಿನ ಪೂಜೆಯನ್ನೋ ಫಾತಿಹಾವನ್ನೋ ಮಾಡಿಸುತ್ತೇವೆ, ಮೋಲ್ಡ್ ಹಾಕಿದ ದಿನ ಎಲ್ಲರಿಗೂ ಊಟ ಹಾಕಿಸುತ್ತೇವೆ. ಅದೇ ದಿನ ಮೇಸ್ತ್ರಿಯನ್ನು ಕರೆದು, ಆಳುಗಳೆಲ್ಲ ಕೇಳುವಂತೆ ಒಂದು ಮಾತು ಹೇಳಬಹುದು: “ಹಗ್ಗ ಸವೆದಿದೆ ಎಂದು ಯಾರೇ ಹೇಳಲಿ, ಕೆಲಸ ನಿಲ್ಲಲಿ. ಆ ದಿನದ ಕೂಲಿ ನಾನು ಕೊಡುತ್ತೇನೆ.” ಒಂದು ದಿನದ ಕೂಲಿಗೆ ಒಂದು ಸೊಂಟ ಉಳಿದರೆ ಅದು ದುಬಾರಿಯಲ್ಲ.